ಫೋಟೋ ನೋಡಿ ಊರು ಹೇಳುವ ನಮ್ಮ ಬಳಗ: ಹಳೇ ಸದಸ್ಯನ ವಿಮರ್ಶೆ

ಕೋವಿಡ್ ಸಮಯದಲ್ಲಿ ಹತ್ತಿದ ಹುಚ್ಚು ಇದು, ಇನ್ನೂ ಬಿಟ್ಟಿಲ್ಲ. ಒಬ್ಬರು ಫೋಟೋ ಹಾಕುತ್ತಾರೆ, ಉಳಿದವರು ಅದು ಎಲ್ಲಿಯದು ಅಂತ ಪತ್ತೆ ಹಚ್ಚಬೇಕು. ನಮ್ಮ ವಾಟ್ಸಾಪ್ ಬಳಗದಲ್ಲಿ ಮಂಗಳೂರು, ಉಡುಪಿಯವರೇ ಜಾಸ್ತಿ, ಗಲ್ಫಿನಲ್ಲಿರುವವರೂ ಇದ್ದಾರೆ. ಜೊತೆಗೆ ನಾನು ಜಿಯೋಗೆಸರ್ ಕೂಡ ದುಡ್ಡು ಕೊಟ್ಟು ಆಡುತ್ತೇನೆ.

ಜಿಯೋಗೆಸರ್ ಸ್ವೀಡನ್ನಿನ ಆಂಟನ್ ವಾಲೆನ್ 2013ರಲ್ಲಿ ಮಾಡಿದ ಆಟ. ಗೂಗಲ್ ಕಾರು ಓಡಾಡಿ ತೆಗೆದ ಬೀದಿ ಫೋಟೋಗಳಾದ ಸ್ಟ್ರೀಟ್ ವ್ಯೂನ ಯಾವುದೋ ರಸ್ತೆಯಲ್ಲಿ ನಮ್ಮನ್ನು ಇಳಿಸುತ್ತದೆ, ನಾವು ಮ್ಯಾಪಿನಲ್ಲಿ ಪಿನ್ ಇಡಬೇಕು. ಒಂದು ಸುತ್ತಿಗೆ ಹೆಚ್ಚೆಂದರೆ 5,000 ಅಂಕ, ಐದು ಸುತ್ತಿಗೆ 25,000. ಕಣ್ಣು ಪಳಗಿಸಲು ಬಹಳ ಒಳ್ಳೆಯದು. ಆದರೆ ಅಲ್ಲಿ ಗೆಲ್ಲುವವರು ಎಷ್ಟೋ ಸಲ ಗೂಗಲ್ ಕಾರನ್ನೇ ನೋಡುತ್ತಾರೆ: ಸ್ನಾರ್ಕೆಲ್ (ಎಂಜಿನ್‌ಗೆ ಗಾಳಿ ಎಳೆಯುವ ಎತ್ತರದ ಕೊಳವೆ) ಕಂಡರೆ ಕೆನ್ಯಾ, ಕಾರಿನ ಮೇಲಿನ ಕಂಬಿಗೆ ಕಪ್ಪು ಟೇಪ್ ಸುತ್ತಿದ್ದರೆ ಘಾನಾ. ಬಳಗಕ್ಕೆ ಬರುವ ಫೋಟೋದಲ್ಲಿ ಆ ಕಾರು ಇರುವುದಿಲ್ಲ. ಊರನ್ನೇ ಓದಬೇಕು. ನನಗೆ ಬಳಗವೇ ಹೆಚ್ಚು ಇಷ್ಟವಾಗಲು ಇದೇ ಕಾರಣ.

ನಮ್ಮ ಕರಾವಳಿಯ ಫೋಟೋ ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಕೆಂಪು ಮಣ್ಣು, ತೆಂಗು, ಹಂಚಿನ ಮಾಡು ಕಂಡ ತಕ್ಷಣ ಮಂಗಳೂರು ಅನ್ನುತ್ತಾರೆ. ಅದೇ ಮಣ್ಣು, ಅದೇ ತೆಂಗು ಕಾಸರಗೋಡಿನಿಂದ ಗೋವಾದವರೆಗೂ ಇದೆ ಮಾರಾಯ್ರೆ! ಹಂಚಂತೂ ಏನನ್ನೂ ಸಾಬೀತು ಮಾಡುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಹಡಗು ಹತ್ತಿ ದೂರ ದೂರದ ದೇಶಗಳಿಗೂ ಹೋಗಿದೆ. ಹಾಗಾಗಿ ಬೇರೆ ಗುರುತು ಹುಡುಕಬೇಕು. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ನಂಬರ್ ಪ್ಲೇಟ್ ಕೆಎ 19 ಆದರೆ ಮಂಗಳೂರು, 20 ಉಡುಪಿ, 21 ಪುತ್ತೂರು, ಆದರೆ ಒಂದೇ ಗಾಡಿ ನೋಡಿ ತೀರ್ಮಾನಿಸಬಾರದು, ಸಾಲಾಗಿ ನಿಂತ ಆಟೋಗಳ ನಂಬರ್ ನೋಡಿದರೆ ಮಾತ್ರ ಧೈರ್ಯ. ಬೋರ್ಡಿನಲ್ಲಿ ಮಲಯಾಳ, ಕನ್ನಡ ಎರಡೂ ಇದ್ದರೆ ಕಾಸರಗೋಡು ಕಡೆಗೆ ಮ್ಯಾಪ್ ಸರಿಸಿ.

ನನಗೆ ತುಂಬ ಖುಷಿ ಕೊಟ್ಟ ಪಾಠ ನೆರಳಿನದು. ಮಧ್ಯಾಹ್ನ ಸೂರ್ಯ ಉತ್ತರಕ್ಕಿದ್ದರೆ ದಕ್ಷಿಣ ಗೋಳಾರ್ಧ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರದಲ್ಲಿ, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ನಡು ಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳ ಪಣಂಬೂರಿನ ಫೋಟೋ ಹಾಕಿದರೆ ಆ ನಿಯಮವೇ ಉಲ್ಟಾ. ಇಂಥದ್ದನ್ನು ಬಳಗದ ಹಿರಿಯರೊಬ್ಬರು ಬಿಡಿಸಿ ಹೇಳುತ್ತಾರೆ, ಅದಕ್ಕಾಗಿಯೇ ನಾನು ಅಲ್ಲಿದ್ದೇನೆ.

ಬೇಸರದ ಸಂಗತಿಯೂ ಇದೆ. ಕೆಲವರು ಫೋಟೋವನ್ನು ಸರ್ಚಿಗೆ ಹಾಕಿ ಸುಮ್ನೆ ಉತ್ತರ ಎಸೆದು ಹೋಗುತ್ತಾರೆ. ಹೇಗೆ ಗೊತ್ತಾಯಿತು ಅಂತ ಹೇಳದ ಉತ್ತರದಿಂದ ಯಾರಿಗೆ ಏನು ಲಾಭ? ಇನ್ನೊಂದು ಇದಕ್ಕಿಂತ ಗಂಭೀರ. ಗುರುತಿಲ್ಲದ ಹುಡುಗಿಯ ಫೋಟೋ ಹಾಕಿ ‘ಇವಳ ಮನೆ ಎಲ್ಲಿ’ ಅಂತ ಕೇಳಿದವನನ್ನು ಅಡ್ಮಿನ್ ಆಗಲೇ ಹೊರಗೆ ಹಾಕಿದರು, ಅದು ಸರಿ. ಈ ಕೈಚಳಕದಿಂದ ಒಬ್ಬರ ಬದುಕು ಹಾಳಾಗಬಹುದು, ಒಳ್ಳೆಯದೂ ಆಗಬಹುದು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ವಸ್ತುಗಳನ್ನಷ್ಟೇ ಕತ್ತರಿಸಿ, ಇದು ಎಲ್ಲಿಯದು ಅಂತ ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2017ರಿಂದ ತನ್ನ ವೆಬ್ ಪುಟದಲ್ಲಿ ಜನರನ್ನೇ ಕೇಳುತ್ತಿದೆ. ಒಂದು ಚೀಲ, ಒಂದು ಪರದೆ, ಅಷ್ಟೇ ಇರುತ್ತದೆ. ಆ ಪುಟ ನೋಡಿದ ಮೇಲೆ ಈ ಹವ್ಯಾಸದ ಬಗ್ಗೆ ನನ್ನ ಗೌರವ ಜಾಸ್ತಿಯಾಯಿತು.

ಬಳಗಕ್ಕೆ ಐದಕ್ಕೆ ನಾಲ್ಕೂವರೆ, ಜಿಯೋಗೆಸರ್‌ಗೆ ನಾಲ್ಕು. ಬೇಗ ಗೆಲ್ಲಬೇಕು ಅನ್ನುವವರಿಗೆ ಆಟವೇ ಸಾಕು. ಬಳಗಕ್ಕೆ ಸೇರುವವರು ಮೊದಲು ನಿಮ್ಮೂರ ಬಸ್ ಸ್ಟ್ಯಾಂಡಿನ ಫೋಟೋ ಹಾಕಿ, ಅಂಗಡಿ ಬೋರ್ಡಿನಲ್ಲಿರುವ ಊರ ಹೆಸರನ್ನು ಮಾತ್ರ ಮುಚ್ಚಿ.