ವೊಲ್ಟೆರಾ: ಕೋಟೆಬಾಗಿಲಿನ ಒಗಟು, ಮ್ಯೂಸಿಯಂನಲ್ಲಿ ಉತ್ತರ

ಇಟಲಿಯ ಟಸ್ಕನಿ ಪ್ರಾಂತ್ಯಕ್ಕೆ ಹೊರಡುವವರ ಪಟ್ಟಿಯಲ್ಲಿ ಫ್ಲಾರೆನ್ಸ್ ಮತ್ತು ಪೀಸಾ ಇದ್ದೇ ಇರುತ್ತವೆ. ಇನ್ನೂ ಒಂದು ದಿನ ಕೈಯಲ್ಲಿ ಉಳಿದರೆ ಅದನ್ನು ಸಾನ್ ಜಿಮಿನ್ಯಾನೊ ಮತ್ತು ವೊಲ್ಟೆರಾ ಎರಡಕ್ಕೂ ಹಂಚಿ, ಸಂಜೆಯೊಳಗೆ ವಾಪಸು ಕರೆತರುವ ಬಸ್ ಪ್ರವಾಸಗಳಿವೆ. ವೊಲ್ಟೆರಾದ ಮಟ್ಟಿಗೆ ಈ ಲೆಕ್ಕ ಸರಿಯಲ್ಲ ಎಂಬುದೇ ಈ ವಿಮರ್ಶೆಯ ಮುಖ್ಯ ಮಾತು. ಈ ಊರಿನ ಕೋಟೆಗೋಡೆ, ಬಾಗಿಲುಗಳು ಮತ್ತು ಸಂಗ್ರಹಾಲಯಗಳು ಒಂದನ್ನೊಂದು ವಿವರಿಸುವಂಥವು. ಎರಡು ಗಂಟೆಯಲ್ಲಿ ಓಡಾಡಿ ಬಂದವರಿಗೆ ಕಾಣುವುದು ಸವೆದ ಕಲ್ಲು ಮತ್ತು ಸಾಲಾಗಿ ಇಟ್ಟ ಚಿತಾಭಸ್ಮದ ಪೆಟ್ಟಿಗೆಗಳು ಮಾತ್ರ. ಒಂದು ರಾತ್ರಿಯಾದರೂ ತಂಗಿ, ಬಾಗಿಲನ್ನು ಮೊದಲು, ಮ್ಯೂಸಿಯಂ ಅನ್ನು ಆಮೇಲೆ ನೋಡಿದವರಿಗೆ ಇದೇ ಊರು ಬೇರೆಯಾಗಿ ತೆರೆದುಕೊಳ್ಳುತ್ತದೆ.

ಊರು ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದ ಗುಡ್ಡದ ಮೇಲಿದೆ; ಅಲ್ಲಿಗೆ ರೈಲಿಲ್ಲ. ಕೆಳಗಿನ ಸಲೀನೆ ದಿ ವೊಲ್ಟೆರಾ ನಿಲ್ದಾಣದಿಂದ ಮೇಲಕ್ಕೆ ಹತ್ತುತ್ತಿದ್ದ ಹಲ್ಲುಗಾಲಿಯ ರೈಲು 1958ರಲ್ಲೇ ನಿಂತುಹೋಯಿತು. ಈಗ ಫ್ಲಾರೆನ್ಸಿನಿಂದ ಬರುವವರು ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಬಸ್ಸು ಬದಲಿಸಬೇಕು. ಭಾನುವಾರ ಮತ್ತು ರಜಾದಿನಗಳಲ್ಲಿ ಬಸ್ಸುಗಳು ಬಹಳ ಕಡಿಮೆ ಇರುವುದರಿಂದ ವಾಪಸಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಬಸ್ಸು ಇಳಿಸುವ ಮಾರ್ತಿರಿ ದೆಲ್ಲಾ ಲಿಬೆರ್ತಾ ಚೌಕ ಕೋಟೆಯ ಅಂಚಿನಲ್ಲೇ ಇದೆ. ಅಲ್ಲಿಂದ ಊರೊಳಗಿನ ಓಡಾಟವೆಲ್ಲ ಕಲ್ಲುಹಾಸಿನ ಏರಿಳಿತದ ಬೀದಿಗಳಲ್ಲಿ ನಡೆದೇ ಆಗಬೇಕು. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು.

ಚೌಕದಿಂದ ನೇರವಾಗಿ ಊರಿನ ನಡುವಿಗೆ ಹೋಗದೆ, ಮೊದಲು ಇಳಿಜಾರಿನಲ್ಲಿ ಪೋರ್ಟಾ ಆಲ್ಲಾರ್ಕೊ ಎಂಬ ಬಾಗಿಲಿಗೆ ಹೋಗುವುದು ಉತ್ತಮ. ರೋಮನ್ನರಿಗೂ ಮೊದಲು ಇಲ್ಲಿದ್ದ ಎಟ್ರುಸ್ಕನ್ನರು ಈ ಊರನ್ನು ವೆಲಾಥ್ರಿ ಎಂದು ಕರೆಯುತ್ತಿದ್ದರು. ಕ್ರಿ.ಪೂ. 4ನೇ ಶತಮಾನದ ಹೊತ್ತಿಗೆ ಅವರು ಕಟ್ಟಿದ್ದ ಗೋಡೆಯ ಸುತ್ತಳತೆ ಸುಮಾರು 7 ಕಿಲೋಮೀಟರ್. ಮಧ್ಯಯುಗದಲ್ಲಿ ಊರು ಕುಗ್ಗಿದಾಗ, 13ನೇ ಶತಮಾನದಲ್ಲಿ ಅದರೊಳಗೇ ಇನ್ನೊಂದು ಚಿಕ್ಕ ಸುತ್ತುಗೋಡೆ ಎದ್ದಿತು. ಇಂದು ಊರನ್ನು ಆವರಿಸಿರುವುದು ಮುಖ್ಯವಾಗಿ ಈ ಎರಡನೆಯದು. ಎರಡೂ ಕಾಲಗಳ ಕಲ್ಲುಗಳನ್ನು ಒಟ್ಟಿಗೆ ನೋಡಬಹುದಾದ ಜಾಗಗಳಲ್ಲಿ ಈ ಬಾಗಿಲೂ ಒಂದು. ಅಡಿಯ ದಪ್ಪ ಬಂಡೆಗಳು ಎಟ್ರುಸ್ಕನ್ನರವು, ಮೇಲಿನ ಕಮಾನಿನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕಮಾನಿನ ಎರಡು ಬುಡಗಳಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು, ಹೀಗೆ ಕಪ್ಪುಛಾಯೆಯ ಬೇರೆ ಕಲ್ಲಿನ ಮೂರು ತಲೆಗಳು ಹೊರಚಾಚಿಕೊಂಡಿವೆ. ಗಾಳಿಮಳೆಗೆ ಸವೆದು ಅವುಗಳಿಗೆ ಕಣ್ಣು, ಮೂಗು, ಬಾಯಿ ಒಂದೂ ಉಳಿದಿಲ್ಲ. ದೇವರೋ, ಸೋತ ಶತ್ರುಗಳ ರುಂಡಗಳೋ ಎಂಬುದನ್ನು ಅಲ್ಲಿ ನಿಂತು ನಿರ್ಧರಿಸಲು ಆಗುವುದಿಲ್ಲ. ಈ ಮೂರು ತಲೆಗಳನ್ನು ನೆನಪಿಟ್ಟುಕೊಂಡು ಮ್ಯೂಸಿಯಂಗೆ ಹೋಗಬೇಕು.

ಬಾಗಿಲ ಬಳಿಯ ಗೋಡೆಯಲ್ಲಿ 1944ರ ಘಟನೆಯನ್ನು ಹೇಳುವ ಫಲಕವೊಂದಿದೆ. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ, ಮಿತ್ರಪಡೆಗಳು ಒಳಬರದಂತೆ ಈ ಬಾಗಿಲನ್ನು ಸ್ಫೋಟಿಸಲು ನಿರ್ಧರಿಸಿತ್ತು. ಒಂದೇ ದಿನದೊಳಗೆ ಬಾಗಿಲನ್ನು ಪೂರ್ತಿ ಮುಚ್ಚಿಬಿಟ್ಟರೆ ಸ್ಫೋಟಿಸುವ ಅಗತ್ಯವಿರದು ಎಂದು ಒಪ್ಪಿಸಿದ ಊರಿನವರು, ಪಕ್ಕದ ಬೀದಿಯ ಹಾಸುಗಲ್ಲುಗಳನ್ನೇ ಕಿತ್ತು ತಂದು ತುಂಬಿಸಿ ಅದನ್ನು ಉಳಿಸಿಕೊಂಡರು.

ಈಗ ಗ್ವಾರ್ನಾಚಿ ಎಟ್ರುಸ್ಕನ್ ಮ್ಯೂಸಿಯಂ. ಮಾರಿಯೊ ಗ್ವಾರ್ನಾಚಿ ಎಂಬ ಶ್ರೀಮಂತ ಪಾದ್ರಿ 1761ರಲ್ಲಿ ತನ್ನ ಪುರಾತನ ವಸ್ತುಗಳನ್ನೂ, 50,000ಕ್ಕೂ ಹೆಚ್ಚು ಪುಸ್ತಕಗಳ ಗ್ರಂಥಾಲಯವನ್ನೂ ವೊಲ್ಟೆರಾದ ನಾಗರಿಕರಿಗೆ ದಾನವಾಗಿ ಕೊಟ್ಟದ್ದರಿಂದ ಹುಟ್ಟಿದ ಸಂಸ್ಥೆ ಇದು. ಯೂರೋಪಿನ ಅತ್ಯಂತ ಹಳೆಯ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಇದಕ್ಕೆ ಸ್ಥಾನವಿದೆ. ಈಗಿರುವ ದೇಸಿದೇರಿ ತಂಗಾಸ್ಸಿ ಅರಮನೆಗೆ ಅದು 1877ರಲ್ಲಿ ಬಂದಿತು. ಆಗ ಮಾಡಿದ ಜೋಡಣೆಯ ಕ್ರಮ ಅನೇಕ ಕೋಣೆಗಳಲ್ಲಿ ಇಂದಿಗೂ ಕಾಣುತ್ತದೆ. ಚಿತಾಭಸ್ಮವನ್ನು ಇಡುತ್ತಿದ್ದ 600ಕ್ಕೂ ಹೆಚ್ಚು ಕಲ್ಲಿನ ಮತ್ತು ಸುಟ್ಟ ಮಣ್ಣಿನ ಪೆಟ್ಟಿಗೆಗಳನ್ನು, ಅವುಗಳ ಮೇಲೆ ಕೆತ್ತಿರುವ ಕಥೆಗಳ ಪ್ರಕಾರ ವಿಂಗಡಿಸಿ, ಗೋಡೆಗುಂಟ ಒತ್ತೊತ್ತಾಗಿ ಇಡಲಾಗಿದೆ. ಇಂದಿನ ಮ್ಯೂಸಿಯಂಗಳ ಹಾಗೆ ಒಂದು ವಸ್ತು, ಒಂದು ದೀಪ, ಸುತ್ತ ಖಾಲಿ ಜಾಗ ಎಂಬ ಪದ್ಧತಿಯಲ್ಲ. ಕೆಲವರಿಗೆ ಇದು ಉಗ್ರಾಣದಂತೆ ಅನ್ನಿಸಬಹುದು; ನನ್ನ ಅಭಿಪ್ರಾಯದಲ್ಲಿ ಈ ಹಳೆಯ ಕ್ರಮವೇ ಇಲ್ಲಿನ ದೊಡ್ಡ ಗುಣ. ಒಂದೇ ಕಥೆಯನ್ನು ಹತ್ತು ಶಿಲ್ಪಿಗಳು ಹೇಗೆ ಕೆತ್ತಿದರು, ಯಾರು ಅಚ್ಚುಹಾಕಿದಂತೆ ನಕಲು ಮಾಡಿದರು, ಯಾರ ಕೈಯಲ್ಲಿ ಜೀವ ಇತ್ತು ಎಂಬುದನ್ನು ಹೀಗೆ ಅಕ್ಕಪಕ್ಕ ಇಟ್ಟಾಗ ಮಾತ್ರ ಗ್ರಹಿಸಲು ಸಾಧ್ಯ.

ಪೆಟ್ಟಿಗೆಯೊಂದರ ರಚನೆಯನ್ನು ಹತ್ತಿರದಿಂದ ನೋಡೋಣ. ಕೆಳಗಿನ ಚೌಕಾಕಾರದ ಭಾಗದ ಮುಂಬದಿಯಲ್ಲಿ ಉಬ್ಬುಶಿಲ್ಪ: ಗ್ರೀಕ್ ಪುರಾಣದ ವೀರ ಒಡಿಸ್ಸಿಯಸ್ಸನನ್ನು ಹಡಗಿನ ಕಂಬಕ್ಕೆ ಕಟ್ಟಿರುವುದು, ಗ್ರೀಸಿನ ಥೀಬ್ಸ್ ನಗರದ ಮುತ್ತಿಗೆ, ಇಲ್ಲವೇ ಸತ್ತವನು ಕುದುರೆಯೇರಿ ಪರಲೋಕಕ್ಕೆ ಹೊರಡುವಾಗ ಮನೆಯವರು ಬೀಳ್ಕೊಡುವುದು. ಮೇಲಿನ ಮುಚ್ಚಳದಲ್ಲಿ ಸತ್ತ ವ್ಯಕ್ತಿಯೇ ಔತಣದಲ್ಲಿರುವಂತೆ ಎಡಮೊಣಕೈ ಊರಿ ಒರಗಿಕೊಂಡಿದ್ದಾನೆ. ಗಂಡಸರ ಕೈಯಲ್ಲಿ ಅಗಲವಾದ ಪಾನಪಾತ್ರೆ, ಹೆಂಗಸರ ಕೈಯಲ್ಲಿ ಕನ್ನಡಿ, ಬೀಸಣಿಗೆ ಅಥವಾ ದಾಳಿಂಬೆ. ದೇಹಗಳು ಗಿಡ್ಡವಾಗಿ, ಎಲ್ಲವೂ ಒಂದೇ ತೆರನಾಗಿವೆ. ತಲೆಗಳು ಮಾತ್ರ ಅಳತೆಗೆ ಮೀರಿ ದೊಡ್ಡವು. ಗ್ರೀಕರಿಗೆ ದೇಹದ ಪ್ರಮಾಣ ಮುಖ್ಯವಾಗಿತ್ತು, ಇಲ್ಲಿನ ಗಿರಾಕಿಗೆ ಬೇಕಾದದ್ದು ಮುಖ ಎಂಬುದು ಒಂದು ಕೋಣೆ ದಾಟುವಷ್ಟರಲ್ಲಿ ಮನದಟ್ಟಾಗುತ್ತದೆ.

ಪೋರ್ಟಾ ಆಲ್ಲಾರ್ಕೊದ ಒಗಟಿಗೆ ಸುಳಿವು ಸಿಗುವುದೂ ಈ ಪೆಟ್ಟಿಗೆಗಳ ನಡುವೆಯೇ. ಥೀಬ್ಸ್ ಮುತ್ತಿಗೆಯ ವೇಳೆ ಏಣಿ ಹತ್ತುತ್ತಿದ್ದ ಕಪಾನಿಯಸ್ ಎಂಬ ವೀರ ಸಿಡಿಲಿಗೆ ಸಿಕ್ಕಿ ಬೀಳುವ ದೃಶ್ಯದಲ್ಲಿ, ಹಿನ್ನೆಲೆಗೆ ನಗರದ ಬಾಗಿಲೊಂದನ್ನು ಕೆತ್ತಲಾಗಿದೆ. ಅದರ ಕಮಾನಿನ ಮೇಲೆಯೂ ಮೂರು ತಲೆಗಳು! ಶಿಲ್ಪಿ ಎಂದೂ ಕಾಣದ ಗ್ರೀಕ್ ನಗರಕ್ಕೆ ತನ್ನೂರಿನ ಬಾಗಿಲನ್ನೇ ಜೋಡಿಸಿದ್ದಾನೆ ಎಂದು ವಿದ್ವಾಂಸರು ಊಹಿಸುತ್ತಾರೆ. ಹೊರಗೆ ಸವೆದು ಮುಖವಿಲ್ಲದಂತಾದದ್ದು ಇಲ್ಲಿ ಅಂಗೈಯಗಲದಲ್ಲಿ ಉಳಿದುಕೊಂಡಿದೆ. ಬಾಗಿಲನ್ನು ನೋಡದೆ ಬಂದವರು ಈ ಪೆಟ್ಟಿಗೆಯ ಮುಂದೆ ನಿಲ್ಲದೇ ದಾಟಿಹೋಗುವ ಸಂಭವವೇ ಹೆಚ್ಚು.

ಹೆಸರಾಂತ ವಸ್ತುಗಳು ಎರಡು. ‘ಓಂಬ್ರಾ ದೆಲ್ಲಾ ಸೇರಾ’, ಅಂದರೆ ಸಂಜೆಯ ನೆರಳು, 57 ಸೆಂಟಿಮೀಟರ್ ಎತ್ತರದ ಕಂಚಿನ ಬಾಲಕ. ಕೈಗಳನ್ನು ಮೈಗೆ ಅಂಟಿಸಿಕೊಂಡು ಎಳೆದು ಉದ್ದ ಮಾಡಿದಂತೆ ನಿಂತಿದ್ದಾನೆ. ಊರಿನ ನೆನಪಿನ ಕಾಣಿಕೆಯ ಅಂಗಡಿಗಳಲ್ಲೆಲ್ಲ ಅವನ ನಕಲುಗಳೇ ತುಂಬಿವೆ. ಅಷ್ಟು ನಕಲುಗಳನ್ನು ನೋಡಿ ಬಂದ ಮೇಲೂ ಮೂಲದ ಮುಂದೆ ನಿಂತಾಗ ಆ ಸಣ್ಣ ಮುಖದ ಎಳೆತನ ಆಶ್ಚರ್ಯ ಹುಟ್ಟಿಸುತ್ತದೆ. ಆದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ‘ಊರ್ನಾ ದೆಲ್ಯಿ ಸ್ಪೋಸಿ’, ಅಂದರೆ ದಂಪತಿಗಳ ಪೆಟ್ಟಿಗೆ, ಎಂಬುದರ ಸುಟ್ಟ ಮಣ್ಣಿನ ಮುಚ್ಚಳ. ಕ್ರಿ.ಪೂ. 1ನೇ ಶತಮಾನದ್ದೆಂದು ಹೇಳಲಾಗುವ ಇದರಲ್ಲಿ ವಯಸ್ಸಾದ ಗಂಡಹೆಂಡಿರು ಒಟ್ಟಿಗೆ ಒರಗಿದ್ದಾರೆ. ಇಬ್ಬರ ಹಣೆಯಲ್ಲೂ ಆಳವಾದ ಸುಕ್ಕುಗಳಿವೆ. ಹೆಂಡತಿ ಕತ್ತು ಹೊರಳಿಸಿ ಗಂಡನ ಮುಖವನ್ನೇ ದಿಟ್ಟಿಸುತ್ತಿದ್ದಾಳೆ. ಜಗಳವೋ, ಅಕ್ಕರೆಯೋ ಹೇಳಲಾಗದು. ಬಹುಕಾಲ ಜೊತೆಗೆ ಬಾಳಿದವರ ನೋಟ ಎನ್ನುವುದು ಮಾತ್ರ ನಿಸ್ಸಂಶಯ.

ಒಂದು ಎಚ್ಚರಿಕೆ: ಇಡೀ ಮ್ಯೂಸಿಯಂ ಅನ್ನು ಪೆಟ್ಟಿಗೆ ಬಿಡದೆ ನೋಡುತ್ತೇನೆಂದು ಹೊರಟರೆ ಅರ್ಧದಲ್ಲೇ ಕಣ್ಣು ದಣಿಯುತ್ತದೆ. ಎಟ್ರುಸ್ಕನ್ನರ ಬಗ್ಗೆ ಒಂದಿಷ್ಟು ಓದಿಕೊಂಡು ಹೋಗಿ, ಎರಡು ಮೂರು ಕಥೆಗಳನ್ನು ಆರಿಸಿಕೊಂಡು, ಅವುಗಳ ಪೆಟ್ಟಿಗೆಗಳನ್ನು ಮಾತ್ರ ನಿಧಾನವಾಗಿ ನೋಡುವುದು ಜಾಣತನ.

ಉತ್ತಮ ಪೆಟ್ಟಿಗೆಗಳ ಕಲ್ಲು ಅಲಬಾಸ್ಟರ್, ಅಂದರೆ ಒಂದು ಬಗೆಯ ಜಿಪ್ಸಮ್. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನಂತೆ ಇದೂ ಉಳಿಗೆ ಸುಲಭವಾಗಿ ಒಗ್ಗುವ ಮೃದುವಾದ ಕಲ್ಲು. ವ್ಯತ್ಯಾಸವೆಂದರೆ ಹೊಯ್ಸಳರ ಕಲ್ಲು ಬಯಲಿನ ಮಳೆಯನ್ನು ಶತಮಾನಗಳ ಕಾಲ ತಾಳಿಕೊಂಡಿದೆ, ಇದು ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ನೆಲದಡಿಯ ಸಮಾಧಿಗಳಲ್ಲಿ ಮುಚ್ಚಿಹೋಗಿದ್ದರಿಂದಲೇ ಈ ಕೆತ್ತನೆಗಳು ನಮಗೆ ಉಳಿದಿವೆ. ಮಿನುಚಿ ಗೋಪುರದಲ್ಲಿರುವ ಅಲಬಾಸ್ಟರ್ ಸಂಗ್ರಹಾಲಯ ಚಿಕ್ಕದು. ಎಟ್ರುಸ್ಕನ್ನರಿಂದ ಇಂದಿನವರೆಗಿನ ಈ ಕಸುಬಿನ ಚರಿತ್ರೆಯನ್ನು ಹೇಳುತ್ತದೆ. ಅದಕ್ಕಿಂತಲೂ ಊರಿನಲ್ಲಿ ಇಂದಿಗೂ ನಡೆಯುತ್ತಿರುವ ಕಾರ್ಯಾಗಾರಗಳ ಬಾಗಿಲಲ್ಲಿ ನಿಂತರೆ ಹೆಚ್ಚು ತಿಳಿಯುತ್ತದೆ: ಗೋಡೆ, ಮೇಜು, ಕೆಲಸಗಾರನ ಹುಬ್ಬು ಎಲ್ಲದರ ಮೇಲೂ ಬಿಳಿಯ ಪುಡಿ, ತಿರುಗುವ ಯಂತ್ರದಲ್ಲಿ ತೆಳುವಾದ ಬಟ್ಟಲು ಬೆಳಕಿಗೆ ಹಿಡಿದರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಖರೀದಿ ಮಾಡುವುದಿದ್ದರೆ ಅಂಗಡಿಗಿಂತ ಇಂಥ ಕಡೆಯೇ ಮಾಡಬೇಕು.

19ನೇ ಶತಮಾನದಲ್ಲಿ ಇಲ್ಲಿನ ವ್ಯಾಪಾರಿಗಳು ಅಲಬಾಸ್ಟರ್ ಸಾಮಾನುಗಳನ್ನು ಹೊತ್ತು ಅಮೆರಿಕ, ಏಷ್ಯಾಗಳವರೆಗೂ ತಿರುಗುತ್ತಿದ್ದರು. ಅವರಲ್ಲೊಬ್ಬನಾದ ಜುಸೆಪ್ಪೆ ವಿತಿ ಭಾರತ ಮತ್ತು ನೇಪಾಳಗಳಲ್ಲಿ ಸಂಚರಿಸಿದವನು. ಆತ ತಂದ ಭಾರತೀಯ ಉಡುಪುಗಳು ವಿತಿ ಕುಟುಂಬದ ಅರಮನೆಯಲ್ಲಿ ಪ್ರದರ್ಶನಕ್ಕಿವೆ. ಮೆಕ್ಸಿಕೊದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ಗಾಗಿ ಮಾಡಿ, 1867ರಲ್ಲಿ ಆತನನ್ನು ಗುಂಡಿಕ್ಕಿ ಕೊಂದದ್ದರಿಂದ ಕಳುಹಿಸಲಾಗದೆ ಉಳಿದ ಅಲಬಾಸ್ಟರ್ ದೀಪಸ್ತಂಭಗಳೂ ಅಲ್ಲೇ ಇವೆ. ಇದು ಖಾಸಗಿ ಸ್ವತ್ತು, ಟಿಕೆಟ್ ಬೇರೆ; ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಅಲಬಾಸ್ಟರ್ ಗೋಪುರಕ್ಕೆ ಅಂಟಿಕೊಂಡೇ ಇರುವುದು ಪಿನಾಕೊಟೆಕಾ, ಅಂದರೆ ಚಿತ್ರಶಾಲೆ. ಸಿನ್ಯೊರೆಲ್ಲಿಯ 1491ರ ಚಿತ್ರ, ಗಿರ್ಲಾಂಡಾಯೊನ 1492ರ ಚಿತ್ರ ಇಲ್ಲಿದ್ದರೂ ಜನ ಬರುವುದು ರೊಸ್ಸೊ ಫಿಯೊರೆಂಟಿನೊ 1521ರಲ್ಲಿ ಬರೆದ, ಶಿಲುಬೆಯಿಂದ ಏಸುವನ್ನು ಇಳಿಸುವ ಚಿತ್ರಕ್ಕಾಗಿ. ಎರಡಾಳಿಗಿಂತ ಎತ್ತರದ ಈ ಹಲಗೆಯ ಮೇಲೆ ಏಣಿಗಳು ಅಡ್ಡಾದಿಡ್ಡಿ ನಿಂತಿವೆ, ಇಳಿಸುವವರು ಗಾಬರಿಯಿಂದ ಒಬ್ಬರಿಗೊಬ್ಬರು ಕೂಗುತ್ತಿದ್ದಾರೆ, ಏಸುವಿನ ಮೈ ಹಸಿರಿಗೆ ತಿರುಗಿದೆ. ಬಲಬದಿಯಲ್ಲಿ ಶಿಷ್ಯ ಯೋಹಾನ ಮುಖವನ್ನು ಕೈಗಳಲ್ಲಿ ಮುಚ್ಚಿಕೊಂಡು ಬೆನ್ನು ಬಾಗಿಸಿ ಅಳುತ್ತಾ ಸರಿದುಹೋಗುತ್ತಿದ್ದಾನೆ. ಆತನ ಮುಖ ಕಾಣದಿದ್ದರೂ ಇಡೀ ಚಿತ್ರದ ದುಃಖ ಆ ಬಾಗಿದ ಬೆನ್ನಿನ ಮೇಲೆ ನಿಂತಿದೆ. ಈ ಚಿತ್ರ ಮೊದಲು ಇದ್ದದ್ದು ಸಾನ್ ಫ್ರಾನ್ಚೆಸ್ಕೊ ಚರ್ಚಿಗೆ ಸೇರಿದ ಪುಟ್ಟ ಪ್ರಾರ್ಥನಾಮಂದಿರದಲ್ಲಿ. ಅಲ್ಲಿ 1410ರಲ್ಲಿ ಚೆನ್ನಿ ದಿ ಫ್ರಾನ್ಚೆಸ್ಕೊ ಬರೆದ ಭಿತ್ತಿಚಿತ್ರಗಳು ಇನ್ನೂ ಇವೆ. ನಡೆದು ಹೋಗಿ ನೋಡಿದರೆ ಆ ದೊಡ್ಡ ಹಲಗೆ ಎಷ್ಟು ಇಕ್ಕಟ್ಟಿನ ಜಾಗಕ್ಕಾಗಿ ತಯಾರಾಯಿತು ಎಂಬುದು ತಿಳಿಯುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. 1208ರಲ್ಲಿ ಆರಂಭವಾಗಿ 1257ರಲ್ಲಿ ಮುಗಿದ ಪಲಾಟ್ಸೊ ದೇಯಿ ಪ್ರಿಯೋರಿ ಟಸ್ಕನಿಯ ಅತ್ಯಂತ ಹಳೆಯ ಪುರಭವನ. ಒಳಗಿನ ಸಭಾಂಗಣ ಸಾಧಾರಣ, ಹೊರಗಿನ ಚೌಕದಿಂದ ನೋಡುವುದೇ ಚೆಂದ. ರೋಮನ್ ರಂಗಮಂದಿರವನ್ನು 1950ರ ದಶಕದಲ್ಲಿ ಎನ್ರಿಕೊ ಫಿಯೂಮಿ ಎಂಬ ಇತಿಹಾಸಕಾರ ಊರಿನ ಮಾನಸಿಕ ಆಸ್ಪತ್ರೆಯ ರೋಗಿಗಳ ನೆರವಿನಿಂದ ಅಗೆಸಿದ. ಅದರ ಪೂರ್ಣ ನೋಟ ಮೇಲಿನ ಕೋಟೆಗೋಡೆಗುಂಟ ಹೋಗುವ ಬೀದಿಯಿಂದ ಪುಕ್ಕಟೆಯಾಗಿ ಸಿಗುತ್ತದೆ. ಬೆಟ್ಟದ ತುದಿಯ ದೈತ್ಯ ಕೋಟೆಯ ಒಳಕ್ಕೆ ಮಾತ್ರ ಪ್ರವಾಸಿಗರು ಹೀಗೇ ಹೋಗುವಂತಿಲ್ಲ. ಪಟಿಕದ ಗಣಿಯ ವಿಚಾರಕ್ಕೆ ಹುಟ್ಟಿದ ಜಗಳದಲ್ಲಿ ಫ್ಲಾರೆನ್ಸಿನ ಆಡಳಿತ ನಡೆಸುತ್ತಿದ್ದ ಲೊರೆನ್ಸೊ ದೆ ಮೆದಿಚಿ 1472ರಲ್ಲಿ ಸೇನೆ ಕಳುಹಿಸಿ, ಊರು ಲೂಟಿಯಾದ ಮೇಲೆ ಊರಿನವರನ್ನು ಹತೋಟಿಯಲ್ಲಿಡಲು ಕಟ್ಟಿಸಿದ ಈ ಕೋಟೆ ಈಗಲೂ ಸೆರೆಮನೆ. 1988ರಿಂದ ಅಲ್ಲಿನ ಕೈದಿಗಳೊಂದಿಗೆ ನಿರ್ದೇಶಕ ಆರ್ಮಾಂಡೊ ಪುಂಟ್ಸೊ ನಡೆಸುತ್ತಿರುವ ನಾಟಕ ತಂಡ ಇಟಲಿಯಾದ್ಯಂತ ಪ್ರಸಿದ್ಧವಾಗಿದೆ.

ಎರಡನೆಯ ದಿನದ ಬೆಳಿಗ್ಗೆ ಊರಿನ ವಾಯವ್ಯಕ್ಕೆ ನಡೆದು ‘ಬಾಲ್ಜೆ’ ಎಂಬ ಕೊರಕಲುಗಳನ್ನು ನೋಡಬೇಕು. ಮಣ್ಣು ಕುಸಿಯುತ್ತಾ ಸಾಗಿ ಎಟ್ರುಸ್ಕನ್ ಗೋಡೆಯ ಒಂದು ಭಾಗವನ್ನೂ, ಸಮಾಧಿಗಳನ್ನೂ, ಹಳೆಯ ಚರ್ಚೊಂದನ್ನೂ ಈ ಪ್ರಪಾತ ನುಂಗಿದೆ. ಊರಿನೊಳಗಿನ ಮಧ್ಯಯುಗದ ಗೋಡೆಗೂ ಅಪಾಯ ತಪ್ಪಿದ್ದಲ್ಲ. 2014ರ ಜನವರಿಯಲ್ಲಿ ಭಾರಿ ಮಳೆಗೆ ಅದರ ಒಂದು ಭಾಗ ಉರುಳಿ, ಆಮೇಲೆ ಮರುನಿರ್ಮಾಣವಾಯಿತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಜಾಗರೂಕರಾಗಿರಬೇಕು. ಇಲ್ಲಿನ ಹೆಮ್ಮೆಯ ಅಡುಗೆ ಕಾಡುಹಂದಿಯ ಮಾಂಸದ್ದು. ತರಕಾರಿ, ಬೀನ್ಸ್ ಜಾತಿಯ ಬಿಳಿ ಕಾಳು ಮತ್ತು ಹಳೆಯ ಬ್ರೆಡ್ಡು ಹಾಕಿ ಕುದಿಸುವ ಗಟ್ಟಿ ಸೂಪು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಮಾಂಸದ ಸಾರು ಸೇರಿದೆಯೇ ಎಂದು ಕೇಳಿಯೇ ತರಿಸಿಕೊಳ್ಳಬೇಕು. ಒಳ್ಳೆಯ ಸುದ್ದಿಯೆಂದರೆ ‘ಪೆಕೊರೀನೊ ದೆಲ್ಲೆ ಬಾಲ್ಜೆ ವೊಲ್ಟೆರಾನೆ’ ಎಂಬ ಇಲ್ಲಿನ ಕುರಿಹಾಲಿನ ಚೀಸ್. ಪಾರ್ಮಿಜಾನೊದಂಥ ಚೀಸುಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದರಿಂದ ನಮ್ಮಲ್ಲಿ ಅನೇಕರು ಅವನ್ನು ಮುಟ್ಟುವುದಿಲ್ಲ. ಇದಕ್ಕಾದರೋ ಕಾಡು ಆರ್ಟಿಚೋಕ್ ಜಾತಿಯ ಮುಳ್ಳುಗಿಡದ ಹೂವಿನ ರೆನೆಟ್ ಮಾತ್ರ ಬಳಸುತ್ತಾರೆ. ಅದರ ಜೊತೆಗೆ ಬರುವ ಟಸ್ಕನ್ ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ. ಗುಡ್ಡದ ಬುಡದಲ್ಲೇ ಉಪ್ಪು ತಯಾರಿಸುವ ಊರೊಂದಿದ್ದೂ ಹೀಗೇಕೆ ಎಂದು ಕೇಳಿದರೆ ಊರಿನವರು ನಗುತ್ತಾರಷ್ಟೆ.

ಗ್ವಾರ್ನಾಚಿ, ಪಿನಾಕೊಟೆಕಾ, ಅಲಬಾಸ್ಟರ್ ಸಂಗ್ರಹಾಲಯ, ಪುರಭವನ ಮತ್ತು ರಂಗಮಂದಿರಕ್ಕೆ ಸೇರಿ ‘ವೊಲ್ಟೆರಾ ಕಾರ್ಡ್’ ಎಂಬ ಒಂದೇ ಟಿಕೆಟ್ ಸಿಗುತ್ತದೆ. ಊರಿನಲ್ಲಿ ತಂಗುವವರಿಗೆ ಅದು ಖಂಡಿತ ಲಾಭದಾಯಕ. ಕೆಲವೇ ಗಂಟೆಗಳಿಗೆಂದು ಬರಲೇಬೇಕಾದವರು ಕಾರ್ಡಿನ ಆಸೆಗೆ ಬೀಳದೆ, ಬಾಗಿಲನ್ನು ನೋಡಿಕೊಂಡು ಗ್ವಾರ್ನಾಚಿಯ ಟಿಕೆಟ್ ಒಂದನ್ನೇ ಕೊಳ್ಳಲಿ. ರಂಗಮಂದಿರವನ್ನು ಗೋಡೆಯ ಮೇಲಿಂದ ನೋಡಿ ಬಸ್ಸು ಹಿಡಿದರೂ ಸಾಕು.