ಇಳಿಜಾರಿನ ಮನೆಯ ಮರ: ಕೊಂಬೆ ಸವರಿಸೋದಾ, ಕಡಿಸೋದಾ?

ಬೆಂಗಳೂರಿನ ಹನುಮಂತನಗರದಂಥ ಏರುತಗ್ಗಿನ ಬೀದಿಯಲ್ಲಿ ಮರ ವಾಲಿದರೆ ಭಯ ಆಗುತ್ತದೆ, ನಿಜ. ಆದರೂ ಮೊದಲು ಕೊಂಬೆ ಸವರಿಸುವುದನ್ನೇ ನೋಡಿ. ಮರದ ಭಾರ ಇಳಿಯುತ್ತದೆ, ಮಣ್ಣು ಹಿಡಿದ ಬೇರು ಉಳಿಯುತ್ತದೆ. ಕಡಿಸಿದರೆ ಕೆಲವು ವರ್ಷಗಳಲ್ಲಿ ಬೇರು ಕೊಳೆತು, ಮಳೆಗೆ ಮಣ್ಣು ಜಾರಬಹುದು. ಕೆಳಗಿನ ಮನೆಯವರಿಗೂ ಅಪಾಯ, ಅಲ್ವಾ? ತುದಿಯನ್ನು ಪೂರ್ತಿ ಬೋಳಿಸಲು ಮಾತ್ರ ಬಿಡಬೇಡಿ. ಆಮೇಲೆ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ.

ಬುಡ ಟೊಳ್ಳಾಗಿ, ಬೇರಿನ ಪಕ್ಕದ ಮಣ್ಣು ಹೊಸದಾಗಿ ಬಿರಿದಿದ್ದರೆ ತೆಗೆಸಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಮರಗಳಿಗೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ.

ಕ್ರೇನ್ ಬೇಗ ಮುಗಿಸುತ್ತದೆ, ಆದರೆ ನಿಲ್ಲಲು ಸಮತಟ್ಟು ಜಾಗ ಬೇಕು. ಇಕ್ಕಟ್ಟಿನ ಇಳಿಜಾರಿಗೆ ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸುವವರೇ ಸರಿ. ಕೂಲಿ ಜಾಸ್ತಿಯಾದರೂ ಬೆಲ್ಟ್, ಹೆಲ್ಮೆಟ್ ಹಾಕಿಕೊಂಡು ಹತ್ತುವವರನ್ನೇ ಕರೆಸಿ.