ಮಡಿಕೇರಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಒಂದು ಮಳೆಗಾಲ

ಮಡಿಕೇರಿ ಮಾರ್ಕೆಟ್‌ನಿಂದ ಸ್ವಲ್ಪ ಮೇಲೆ ಹತ್ತಿದರೆ ಒಂದು ಸಣ್ಣ ಬಾಡಿಗೆ ಪುಸ್ತಕದಂಗಡಿ ಇದೆ. ಬೋರ್ಡ್ ಇಲ್ಲ. ಡಿಪಾಸಿಟ್ 200 ರೂಪಾಯಿ, ವಾರಕ್ಕೆ ಪುಸ್ತಕವೊಂದಕ್ಕೆ 15. ಜೂನ್‌ನಿಂದ ನಾನು ಅಲ್ಲಿನ ಖಾಯಂ ಗಿರಾಕಿ.

ಅಲ್ಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿಲ್ಲ. ಕೊಡಗಿನ ಮಳೆ ಕಂಡವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು. ಅಂಗಡಿಯ ಅಕ್ಕ ಪ್ರತಿ ಕಪಾಟಿನ ತಳದಲ್ಲೂ ಒಂದು ಹಳೇ ಬಲ್ಬ್ ಉರಿಸಿಟ್ಟಿರುತ್ತಾರೆ. ಪುಸ್ತಕ ಕೈಗೆ ತಗೊಂಡರೆ ಬೆಚ್ಚಗಿರುತ್ತದೆ.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 22 ವರ್ಷ ಲೆಕ್ಕ ಬರೆದವಳು. ಕಾದಂಬರಿ ಓದಿದ್ದು ಕಡಿಮೆ. ಮಗಳಿಗೆ ಗಂಡು ನೋಡುತ್ತಿದ್ದೇವೆ, ಅದೇ ತಲೆಯಲ್ಲಿತ್ತು. ‘ಹೆಣ್ಣುಮಕ್ಕಳ ಮದುವೆ ಬಗ್ಗೆ ಹಳೇ ಕಾದಂಬರಿ ಇದ್ದರೆ ಕೊಡಿ ಅಕ್ಕಾ’ ಅಂದೆ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೊಟ್ಟರು. 1813ರದ್ದು.

ಮೊದಲು ಸಿಕ್ಕಿದ್ದು ಕನ್ನಡದ ಸಂಗ್ರಹ ರೂಪ. ಒಂದೇ ಸಂಜೆಗೆ ಮುಗಿಯಿತು. ಅದರಲ್ಲಿ ನಾಯಕಿಯ ಗೆಳತಿ ಶಾರ್ಲೆಟ್ ಮದುವೆಗೆ ಒಂದೇ ಸಾಲು! ಯಾರು ಕತ್ತರಿಸಿದರೋ, ಕತೆಯ ಜೀವವನ್ನೇ ಕತ್ತರಿಸಿದ್ದರು. ವಾಪಸ್ ಕೊಡುವಾಗ ಅಕ್ಕ ಬೇರೆ ದುಡ್ಡು ಕೇಳದೆ ಇಂಗ್ಲಿಷಿನ ಪೂರ್ತಿ ಪುಸ್ತಕ ಕೊಟ್ಟರು. ಅಕ್ಷರ ತುಂಬಾ ಸಣ್ಣದು, ಕಣ್ಣಿಗೆ ಕಷ್ಟ. ಆದರೆ ಹಿಂದೆ ಓದಿದವರು ಯಾರೋ ಕಷ್ಟದ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಬರೆದಿದ್ದರು. ‘ಎಂಟೇಲ್’ ಅನ್ನುವ ಪದದ ಮೇಲೆ ‘ಜಮೀನು ಗಂಡಸಿಗೆ ಮಾತ್ರ’ ಅಂತ ಇತ್ತು. ಗುಂಡಗಿನ ಕೈಬರಹ. ಹೆಂಗಸಿನದೇ ಇರಬೇಕು.

ನಾಯಕಿ ಎಲಿಜಬೆತ್‌ಳ ಅಪ್ಪ ಬೆನೆಟ್ ಅವರ ಆದಾಯ ವರ್ಷಕ್ಕೆ 2,000 ಪೌಂಡ್. ಐದು ಹೆಣ್ಣುಮಕ್ಕಳು, ಗಂಡಿಲ್ಲ. ಹಾಗಾಗಿ ಅವರು ಕಣ್ಣು ಮುಚ್ಚಿದರೆ ಮನೆ, ಜಮೀನು ಎಲ್ಲ ನೆಂಟ ಕಾಲಿನ್ಸ್ ಪಾಲು. ಅವನು ಎಲಿಜಬೆತ್‌ಳನ್ನು ಮದುವೆಗೆ ಕೇಳುವಾಗಲೇ ಅವಳ ಲೆಕ್ಕ ಒಪ್ಪಿಸುತ್ತಾನೆ: ಅಮ್ಮ ಹೋದ ಮೇಲೆ ನಿನಗೆ ಬರುವುದು ಶೇ. 4ರ ಬಡ್ಡಿಯ 1,000 ಪೌಂಡ್ ಮಾತ್ರ. ವರ್ಷಕ್ಕೆ 40 ಪೌಂಡ್! ಎಲಿಜಬೆತ್ ಬೇಡ ಅಂದಳು. ಮೂರು ದಿನದೊಳಗೆ ಅವನು ಅವಳ ಗೆಳತಿ ಶಾರ್ಲೆಟ್‌ಳನ್ನು ಕೇಳಿದ. ಅವಳು ಒಪ್ಪಿದಳು. ವಯಸ್ಸು 27, ಕೈಯಲ್ಲಿ ದುಡ್ಡಿಲ್ಲ. ಎಲಿಜಬೆತ್‌ಗೆ ಬೇಜಾರಾಯಿತು. ನನಗೆ ಶಾರ್ಲೆಟ್ ಮೇಲೆ ಒಂದಿಷ್ಟೂ ಕೋಪ ಬರಲಿಲ್ಲ. ಅವಳಿಗೆ ಬೇರೆ ದಾರಿ ಎಲ್ಲಿತ್ತು?

ಆಮೇಲೆ ‘ಜೇನ್ ಐರ್’, 1847ರದ್ದು. ಪಾಠ ಹೇಳಿಕೊಡುವ ಜೇನ್‌ಗೆ ವರ್ಷದ ಸಂಬಳ 30 ಪೌಂಡ್. ಕೊನೆಗೆ ಚಿಕ್ಕಪ್ಪನ 20,000 ಬಂದಾಗ ನಾಲ್ಕು ಪಾಲು ಮಾಡಿ ತನಗೆ 5,000 ಇಟ್ಟುಕೊಳ್ಳುತ್ತಾಳೆ. ತನ್ನ ಕಾಲ ಮೇಲೆ ನಿಂತೇ ಮದುವೆಯಾಗುತ್ತಾಳೆ. ತುಂಬಾ ಖುಷಿಯಾಯಿತು. ಆದರೆ ಇಂಗ್ಲೆಂಡಿನಲ್ಲಿ 1882ರ ಕಾಯ್ದೆ ಬರುವವರೆಗೂ ಮದುವೆಯಾದ ಹೆಣ್ಣಿನ ದುಡ್ಡು ಬಹುಮಟ್ಟಿಗೆ ಗಂಡನದೇ. ಅದು ಗೊತ್ತಾದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪ ತೀರಿಕೊಂಡಾಗ ನಾನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗಿತ್ತು, ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನನಗೂ ಗೊತ್ತಿತ್ತು. ಮೂರು ಎಕರೆ ರೋಬಸ್ಟಾ ಕಾಫಿ ತೋಟ. ತವರು ತಪ್ಪಿಹೋಗಬಾರದು ಅಂತ ಅಣ್ಣನ ಮುಖ ನೋಡಿ ಹಾಕಿಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ. ಬೇಡ ಅಂತಲೂ ಯಾರೂ ಅನ್ನಲಿಲ್ಲ.

ಕನ್ನಡದ್ದು ಕೇಳಿದಾಗ ಅಕ್ಕ ಕೊಟ್ಟಿದ್ದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ವಿಧವೆ ಇಂದಿರಾ ಮತ್ತೆ ಮದುವೆಯಾಗುವ ಕತೆ. ಕಾನೂನು 1856ರಲ್ಲೇ ಬಂದಿತ್ತು. 43 ವರ್ಷ ಕಳೆದರೂ ಅದೊಂದು ದೊಡ್ಡ ಹೋರಾಟವೇ ಆಗಿತ್ತು, ಅಲ್ವಾ? ಭಾಷೆ ಹಳೇದು, ಮೊದಲ 20 ಪುಟ ತಾಳ್ಮೆ ಬೇಕು.

ಅಂಗಡಿಯಲ್ಲಿ ಕನ್ನಡ ಕಾದಂಬರಿ ಇನ್ನೂ ಜಾಸ್ತಿ ಇರಬೇಕಿತ್ತು. ಕೂತು ಓದಲು ಜಾಗವೂ ಇಲ್ಲ. ಶುಕ್ರವಾರ ಸಂತೆ ದಿನ ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಗಲಾಟೆ. ಪ್ಲಾಸ್ಟಿಕ್ ಕವರ್ ನೀವೇ ತಗೊಂಡು ಹೋಗಿ.

ಆ ಪೆನ್ಸಿಲ್ ಗುರುತಿನ ಪುಸ್ತಕ ಸದ್ಯಕ್ಕೆ ನಿಮಗೆ ಸಿಗುವುದಿಲ್ಲ. ಮಗಳು ಓದುತ್ತಿದ್ದಾಳೆ. ಫೋನ್ ಮಾಡಿ ಎರಡು ಸಲ ವಾರ ಮುಂದೂಡಿಸಿದ್ದೇನೆ.